ಕಟ್ಟದ ನೀರೂ ಊರ ಬೆಂಕಿಯೂ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಮುಂದಾಲೋಚನೆ ಇಲ್ಲದವನನ್ನು ಅದು ಹಾಸ್ಯಮಾಡುತ್ತದೆ. ಆದರೆ ಬಾವಿಯನ್ನು ಅಜ್ಜನ ಕಾಲದಲ್ಲಿಯೇ ತೋಡಿದ್ದು, ಬೆಂಕಿ ಬಿದ್ದ ದಿನ ಅದರಲ್ಲಿ ನೀರಿಲ್ಲದೆ ಹೋದರೆ ಯಾರನ್ನು ಹಾಸ್ಯಮಾಡೋಣ? ಮನೆಯ ಮುಂದೆಯೇ ಹರಿಯುವ ಕಾಲುವೆಯನ್ನು ಅದೇ ವಾರ ದುರಸ್ತಿಗೆಂದು ಮುಚ್ಚಿದ್ದರೆ? ಗಾದೆ ಇಷ್ಟು ದೂರ ಹೋಗುವುದಿಲ್ಲ, ಚರಿತ್ರೆ ಹೋಗುತ್ತದೆ. ನೀರನ್ನು ಕಟ್ಟುವುದು, ಬಿಡುವುದು, ನಿಲ್ಲಿಸುವುದು ಇವೆಲ್ಲ ಬೇಸಾಯದ ಮಾತುಗಳೆಂದೇ ನಾವು ತಿಳಿದಿದ್ದೇವೆ. ಕಾಲುವೆಯ ಬಾಗಿಲನ್ನು ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬ ನಿರ್ಧಾರದಲ್ಲಿ ಊರಿನ ಬೆಂಕಿಯ ಪ್ರಶ್ನೆಯೂ ಅಡಗಿದೆ. ಇದನ್ನು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಮೂಲೆಯಿಂದಲೇ ಆರಂಭಿಸಿ ನೋಡೋಣ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ಪುಂಜಾಲಕಟ್ಟೆಯನ್ನು ದಾಟಿದರೆ ಮಡಂತ್ಯಾರು ಸಿಗುತ್ತದೆ. ದಾರಿಯುದ್ದಕ್ಕೂ ನೆಲದ ಲಕ್ಷಣ ಒಂದೇ: ಎತ್ತರದಲ್ಲಿ ಮುರಕಲ್ಲಿನ ಗುಡ್ಡ, ಇಳಿಜಾರಿನಲ್ಲಿ ತೋಟ, ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿನಲ್ಲಿ ಒಂದು ತೋಡು. ಹೊಳೆಗಿಂತ ಚಿಕ್ಕದಾದ ಹರಿವಿಗೆ ಇಲ್ಲಿಯವರು ತೋಡು ಎನ್ನುತ್ತಾರೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ಕಥೆಯನ್ನು ಹಿರಿಯರಿಂದ ಕೇಳಿದವರು ಈಗಲೂ ಇದ್ದಾರೆ. ಇಷ್ಟು ಮಳೆ ಬರುವ ನಾಡಿನಲ್ಲಿ ನೀರಿಗೇನು ಬರವೆಂದು ಘಟ್ಟದ ಮೇಲಿನವರು ಕೇಳುವುದುಂಟು. ಮುರಕಲ್ಲಿನ ನೆಲ ನೀರನ್ನು ಹೆಚ್ಚು ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ಇಳಿಜಾರು ಅದನ್ನು ಕಡಲಿಗೆ ತಳ್ಳಿಬಿಡುತ್ತದೆ. ಶಿವರಾತ್ರಿಯ ಹೊತ್ತಿಗೆ ಎಷ್ಟೋ ತೋಡುಗಳಲ್ಲಿ ಕಲ್ಲುಗಳ ನಡುವೆ ನೂಲಿನಂಥ ಹರಿವು ಮಾತ್ರ ಉಳಿಯುತ್ತದೆ.

ಈ ನೆಲಕ್ಕೆ ತಕ್ಕಂತೆ ನಮ್ಮ ಪೂರ್ವಿಕರು ಗದ್ದೆಗಳನ್ನು ಮೂರಾಗಿ ವಿಂಗಡಿಸಿದ್ದರು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ಗದ್ದೆ ಬೆಟ್ಟು. ಎರಡು ಬೆಳೆ ಕೊಡುವ ನಡುಮಟ್ಟದ ಗದ್ದೆ ಮಜಲು. ನೀರು ಸಿಕ್ಕಿದರೆ ಮೂರು ಬೆಳೆಯನ್ನೂ ಕೊಡಬಲ್ಲ ತಗ್ಗಿನ ಗದ್ದೆ ಬೈಲು. ಬೆಳೆಗಳಿಗೂ ಮೂರು ಹೆಸರು: ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ತುಳುನಾಡಿನ ಗದ್ದೆಗಳ ಈ ವಿಂಗಡಣೆಯನ್ನು ಬರೆದಿಟ್ಟಿದ್ದಾನೆ. ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿ ಅವನು ಬರೆದ ಗ್ರಂಥವು 1807ರಲ್ಲಿ ಅಚ್ಚಾಯಿತು. ಎರಡು ಶತಮಾನಗಳ ಹಿಂದೆಯೇ ಪರದೇಶದವನೊಬ್ಬನ ಕಣ್ಣಿಗೆ ಬಿದ್ದ ಈ ವ್ಯವಸ್ಥೆ ಅದಕ್ಕೂ ಎಷ್ಟೋ ಹಿಂದಿನದೆಂದು ಹೇಳಬೇಕಾಗಿಲ್ಲ.

ಮಳೆ ನಿಂತ ಮೇಲೆ ಸುಗ್ಗಿಗೂ ಕೊಳಕೆಗೂ ನೀರು ಬರುವುದೆಲ್ಲಿಂದ? ಅದಕ್ಕೆ ಉತ್ತರವೇ ಕಟ್ಟ. ಮರದ ಸುತ್ತ ಕುಳಿತುಕೊಳ್ಳಲು ಮಾಡಿದ್ದು ಕಟ್ಟೆ. ತೋಡಿಗೆ ಅಡ್ಡಲಾಗಿ ಹಾಕಿದ್ದು ಕಟ್ಟ. ಏಣೆಲು ಕೊಯಿಲು ಮುಗಿದು ಹರಿವು ಇಳಿಯುತ್ತ ಬಂದಾಗ, ನವೆಂಬರ್ ಡಿಸೆಂಬರ್ ತಿಂಗಳಲ್ಲಿ, ಊರವರು ಸೇರಿ ತೋಡಿಗೆ ಅಡ್ಡ ಹಾಕುತ್ತಿದ್ದರು. ಅಡಕೆ ಮರದ ಕಾಂಡಗಳು, ಕಾಡುಕಲ್ಲು, ಸೊಪ್ಪು, ಜಿಗುಟು ಮಣ್ಣು ಇಷ್ಟೇ ಅದರ ಸಾಮಗ್ರಿ. ಮಣ್ಣನ್ನು ಕಾಲಿನಿಂದ ಮೆಟ್ಟಿ ಮೆಟ್ಟಿ ಸಂದುಗಳನ್ನು ಮುಚ್ಚಬೇಕು. ನೀರು ಆಳೆತ್ತರಕ್ಕೆ ಏರಿದಾಗ ಪಕ್ಕದಲ್ಲಿ ತೋಡಿದ ಕಣಿಗೆ ಅದು ತಾನಾಗಿ ಹೊರಳಿ, ಗದ್ದೆಯ ಬದುವಿನ ಮೇಲೆ, ತೋಟದ ನಡುವೆ, ಮನೆಯ ಹಿತ್ತಿಲ ಬದಿಯಲ್ಲಿ ಹರಿಯುತ್ತದೆ. ಒಂದು ಕಟ್ಟದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು; ಮೇಲಿನ ಕಟ್ಟದಿಂದ ಜಿನುಗಿದ್ದು ಕೆಳಗಿನದಕ್ಕೆ ಆಧಾರ. ಬೇಸಿಗೆ ಕಳೆದು ಪತ್ತನಾಜೆಯ ಸಮಯಕ್ಕೆ ಮುಗಿಲು ಕಪ್ಪಾದರೆ ಕಟ್ಟವನ್ನು ಕಡಿಯಬೇಕು. ಉಳಿಸಿದರೆ ಮೊದಲ ನೆರೆ ಗದ್ದೆಗೇ ನುಗ್ಗುತ್ತದೆ.

ಈಗ ಬೆಂಕಿಯ ಮಾತಿಗೆ ಬರೋಣ. ಹಳೆಯ ಕಾಲದ ಒಂದು ಒಕ್ಕಲು ಮನೆಯನ್ನು ಏಪ್ರಿಲ್ ತಿಂಗಳಲ್ಲಿ ನೀವು ಕಣ್ಣಮುಂದೆ ತಂದುಕೊಳ್ಳಿ. ಮಾಡು ಮುಳಿಹುಲ್ಲಿನದು, ಮಳೆಗೆ ಮುಂಚೆ ಹೊಸದಾಗಿ ಹೊದೆಸಬೇಕಾಗಿರುವುದರಿಂದ ಈಗ ಇರುವುದು ವರ್ಷವೆಲ್ಲ ಒಣಗಿದ ಹಳೆಯ ಹುಲ್ಲು. ಹೊದೆಸಲೆಂದು ತಂದಿಟ್ಟ ಹೊಸ ಹುಲ್ಲಿನ ಹೊರೆಗಳು ಅಂಗಳದಲ್ಲಿ. ಪಕ್ಕದಲ್ಲಿ ಬೈಹುಲ್ಲಿನ ಬಣವೆ. ಮಳೆಗಾಲಕ್ಕೆಂದು ಒಡೆದು ಪೇರಿಸಿದ ಸೌದೆ, ಹಟ್ಟಿಗೆಂದು ಗುಡ್ಡದಿಂದ ಗುಡಿಸಿ ತಂದ ತರಗೆಲೆ, ಬಚ್ಚಲೊಲೆಗೆ ಒಣಗಿಸಿದ ಮಡಲು. ವರ್ಷದಲ್ಲಿ ಅತಿ ಹೆಚ್ಚು ಒಣ ಸಾಮಗ್ರಿ ಮನೆಯ ಸುತ್ತ ಸೇರುವುದು, ವರ್ಷದಲ್ಲಿ ಅತಿ ಕಡಿಮೆ ನೀರಿರುವ ತಿಂಗಳಲ್ಲಿಯೇ. ಬಾವಿಯ ನೀರು ತಳಕ್ಕೆ ಇಳಿದಿರುತ್ತದೆ. ಹಗ್ಗ ಬಿಟ್ಟು ಒಂದು ಕೊಡಪಾನವನ್ನು ಸೇದುವಷ್ಟರಲ್ಲಿ ಒಂದು ಮಗ್ಗುಲಿನ ಮಾಡು ಹೋಗಿರುತ್ತದೆ.

ಇಂಥ ಹೊತ್ತಿನಲ್ಲಿ ಕಟ್ಟದ ಕಣಿಯ ಬೆಲೆ ಏನೆಂದು ನೀವೇ ಊಹಿಸಬಹುದು. ಬಾವಿಯ ಬಾಯಿಗೆ ಇಬ್ಬರು ನಿಲ್ಲಬಹುದು. ಕಣಿಯ ಉದ್ದಕ್ಕೆ ಇಪ್ಪತ್ತು ಮಂದಿ ನಿಲ್ಲಬಹುದು. ಸೇದುವ ಕೆಲಸವಿಲ್ಲ, ಬಗ್ಗಿ ತುಂಬಿದರಾಯಿತು. ತೋಟಕ್ಕೆ ನೀರು ಚಿಮ್ಮಿಸಲು ಬಳಸುವ ಅಡಕೆ ಹಾಳೆಯೇ ಆಗ ಬೆಂಕಿಗೆ ನೀರೆರಚುವ ಸಾಧನ. ಕಣಿಯ ಕೆಸರು ಬೆಂಕಿಯ ಅಂಚಿಗೆ. ಹಸಿ ಬಾಳೆದಿಂಡು ಉರಿಯುವ ಹುಲ್ಲಿನ ಮೇಲೆ. ಹಸಿ ಸೊಪ್ಪಿನ ಕೊಂಬೆ ಗುಡ್ಡದಿಂದ ಹಬ್ಬಿಬರುವ ಕಿಚ್ಚನ್ನು ಬಡಿಯಲು. ಕಟ್ಟವನ್ನು ಯಾರೂ ಬೆಂಕಿಗಾಗಿ ಕಟ್ಟಿದವರಲ್ಲ. ಭತ್ತಕ್ಕೂ ಅಡಕೆಗೂ ಕಟ್ಟಿದ ನೀರು ಮನೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದುದರಿಂದ ಊರಿಗೆ ಕೇಳದೆಯೇ ದೊರೆತ ರಕ್ಷಣೆ ಇದು. ಕೇಳದೆ ದೊರೆತದ್ದು ಹೇಳದೆ ಹೋಗುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತುಳುನಾಡಿನಲ್ಲಿ ತೋಡನ್ನು ಮುಚ್ಚಿದಾಗ ಕಣಿ ತೆರೆಯುತ್ತದೆ. ಬೇಸಿಗೆಯೇ ಕಣಿಯಲ್ಲಿ ನೀರಿರುವ ಕಾಲ. ಘಟ್ಟದ ಮೇಲಿನ ದೊಡ್ಡ ಕಾಲುವೆಗಳ ನಾಡಿನಲ್ಲಿ ಕ್ರಮ ಇದಕ್ಕೆ ತಿರುಗುಮುರುಗು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಮಂಡ್ಯದ ಬಯಲಿಗೆ ನೀರೊಯ್ಯುವ ವಿಶ್ವೇಶ್ವರಯ್ಯ ಕಾಲುವೆಯನ್ನಾಗಲಿ, 1953ರಿಂದ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳನ್ನಾಗಲಿ ತೆಗೆದುಕೊಳ್ಳಿ. ಮಳೆಗಾಲದ ಬೆಳೆಗೆ ನೀರು ಬಿಡುತ್ತಾರೆ; ಬೇಸಿಗೆ ಬಂದು ಜಲಾಶಯ ಇಳಿದಾಗ ನಿಲ್ಲಿಸುತ್ತಾರೆ. ನಿಲ್ಲಿಸಿದ ದಿನಗಳಲ್ಲಿಯೇ ಹೂಳೆತ್ತುವುದು, ಬಿರುಕು ಬಿಟ್ಟ ಏರಿಯನ್ನು ಭದ್ರಪಡಿಸುವುದು, ತೂಬಿನ ಬಾಗಿಲಿಗೆ ಎಣ್ಣೆ ಹಾಕುವುದು. ನೀರು ಹರಿಯುತ್ತಿರುವಾಗ ಈ ಕೆಲಸಗಳನ್ನು ಮಾಡಲು ಬರುವುದಿಲ್ಲವಾದ್ದರಿಂದ ಇದು ಸರಿಯಾದ ಕ್ರಮವೇ. ಆದರೆ ಅವೇ ದಿನಗಳಲ್ಲಿ ಕಬ್ಬಿನ ತರಗು ಒಣಗಿರುತ್ತದೆ, ಹುಲ್ಲಿನ ಬಣವೆಗಳು ಕಣದಲ್ಲಿ ನಿಂತಿರುತ್ತವೆ. ಬೆಂಕಿಯ ಪಂಚಾಂಗವೂ ಕಾಲುವೆಯ ಪಂಚಾಂಗವೂ ಒಂದನ್ನೊಂದು ನೋಡಿ ಬರೆದವಲ್ಲ.

ನೀರು ಹರಿಯುತ್ತಿದ್ದ ಮಾತ್ರಕ್ಕೆ ಊರು ಉಳಿಯುವುದೇ? ಅದನ್ನೂ ನಂಬುವಂತಿಲ್ಲ. ವಿಜಯನಗರದ ಅರಸರು ತುಂಗಭದ್ರೆಗೆ ಅಣೆಕಟ್ಟುಗಳನ್ನು ಹಾಕಿಸಿ ರಾಜಧಾನಿಯ ಸುತ್ತ ಕಾಲುವೆಗಳ ಜಾಲವನ್ನೇ ಹರಡಿದ್ದರು. ಹಂಪೆಯ ಪಾಳುಗಳ ನಡುವೆ ಇಂದಿಗೂ ಬಾಳೆ ಬತ್ತಗಳಿಗೆ ನೀರುಣಿಸುವ ತುರ್ತು ಕಾಲುವೆ ಆ ಜಾಲದ್ದು. ಆದರೂ 1565ರ ಸೋಲಿನ ಬಳಿಕ ನಗರ ಸುಲಿಗೆಗೂ ಬೆಂಕಿಗೂ ತುತ್ತಾಯಿತು. ವಿಠ್ಠಲ ದೇವಾಲಯದ ಕಲ್ಲುಗಳ ಮೇಲೆ ಹೊಗೆಯ, ಕಾವಿನ ಗುರುತುಗಳನ್ನು ನೋಡಿದವರುಂಟು. ಕಾಲುವೆ ಅಲ್ಲಿಯೇ ಇತ್ತು. ನೀರನ್ನೆತ್ತಬೇಕಾದ ಜನ ಊರು ಬಿಟ್ಟುಹೋಗಿದ್ದರು. ಅಂದ ಮೇಲೆ ನೀರು, ಕೈ, ನೀರನ್ನು ಬೆಂಕಿಗೆ ಮುಟ್ಟಿಸುವ ಉಪಾಯ, ಈ ಮೂರೂ ಒಂದೆಡೆ ಸೇರಬೇಕು.

ಆ ಉಪಾಯದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟ ಊರು ಕಾಲುವೆಗಳ ಊರೇ ಆಗಿದ್ದುದು ಆಕಸ್ಮಿಕವಲ್ಲ. ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ನಗರದಲ್ಲಿ ಬೀದಿಗೊಂದು ಕಾಲುವೆ. ಹಿಂದೆ ಬೆಂಕಿ ಬಿದ್ದಾಗ ಅಲ್ಲಿಯ ಜನ ಸಾಲಾಗಿ ನಿಂತು ಚರ್ಮದ ಬಕೆಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಪಂಪುಗಳಿದ್ದರೂ ಅವುಗಳ ತೊಟ್ಟಿಯನ್ನು ಬಕೆಟಿನಿಂದಲೇ ತುಂಬಬೇಕಾಗಿತ್ತು. ಯಂತ್ರವನ್ನು ಉರಿಯ ಹತ್ತಿರಕ್ಕೇ ಒಯ್ಯಬೇಕಾಗಿತ್ತು. 1652ರಲ್ಲಿ ಅಲ್ಲಿಯ ಹಳೆಯ ಪುರಭವನ ಸುಟ್ಟುಹೋದುದನ್ನು ಯಾನ್ ವಾನ್ ಡೆರ್ ಹೇಡನ್ ಎಂಬ ಹುಡುಗನು ಕಂಡಿದ್ದನು. ಮುಂದೆ ಅವನು ಹೆಸರಾಂತ ಚಿತ್ರಕಾರನಾದನು. 1672ರ ವೇಳೆಗೆ ತಮ್ಮನೊಡನೆ ಸೇರಿ ಅವನು ಬಾಗುವ ಚರ್ಮದ ಕೊಳವೆಯುಳ್ಳ ಪಂಪನ್ನು ರೂಪಿಸಿದನು. ಇನ್ನು ಯಂತ್ರವು ಕಾಲುವೆಯ ಬಳಿ ನಿಲ್ಲಬಹುದು. ಕೊಳವೆಯ ಮೂತಿ ಮಾತ್ರ ಮನೆಯೊಳಕ್ಕೆ ಹೋದರೆ ಸಾಕು. 1690ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ವಿಧಾನದಲ್ಲಿ ಸುಟ್ಟ ಮನೆಗಳನ್ನೂ ಹೊಸ ವಿಧಾನದಲ್ಲಿ ಉಳಿದ ಮನೆಗಳನ್ನೂ ಚಿತ್ರಸಹಿತ ತೋರಿಸಿದ್ದಾನೆ. ಇಂದು ಬೀದಿಯಲ್ಲಿ ಗಂಟೆ ಬಾರಿಸುತ್ತ ಓಡುವ ಅಗ್ನಿಶಾಮಕ ವಾಹನದ ಕೊಳವೆಗೆ ಮೂಲ ಅಲ್ಲಿದೆ.

ಇಷ್ಟೆಲ್ಲ ಸಾಧನಗಳಿದ್ದೂ ಕಾಲುವೆ ಮುಚ್ಚಿದ್ದರೆ ಏನಾಗುವುದೆಂಬುದಕ್ಕೆ ಇಟಲಿಯ ವೆನಿಸ್ ನಗರವೇ ಸಾಕ್ಷಿ. ನೀರಿನ ಮೇಲೆಯೇ ಕಟ್ಟಿದ ಊರೆಂದು ಅದರ ಖ್ಯಾತಿ. ಅಲ್ಲಿ 1792ರಲ್ಲಿ ತೆರೆದ ‘ಲಾ ಫೆನಿಚೆ’ ಎಂಬ ಸಂಗೀತ ನಾಟಕಶಾಲೆಯ ಹೆಸರಿನ ಅರ್ಥ ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿ. 1836ರಲ್ಲಿ ಅದೊಮ್ಮೆ ಸುಟ್ಟು ಮರುವರ್ಷವೇ ಎದ್ದು ನಿಂತಿತ್ತು. 1996ರ ಜನವರಿ 29ರ ರಾತ್ರಿ ಮತ್ತೆ ಬೆಂಕಿ ಹತ್ತಿತು. ನಾಟಕಶಾಲೆಯಲ್ಲಿ ದುರಸ್ತಿ ನಡೆಯುತ್ತಿತ್ತು. ಅದೇ ಸಮಯದಲ್ಲಿ ಪಕ್ಕದ ಕಾಲುವೆಗಳನ್ನು ಹೂಳೆತ್ತಲೆಂದು ಬರಿದುಮಾಡಲಾಗಿತ್ತು. ಬೆಂಕಿ ಆರಿಸುವ ದೋಣಿಗಳು ಹತ್ತಿರ ಬರಲಾಗಲಿಲ್ಲ. ನೀರನ್ನು ದೂರದಿಂದ ಕೊಳವೆ ಹಾಸಿ ತರಬೇಕಾಯಿತು. ಹೆಲಿಕಾಪ್ಟರು ನೀರನ್ನು ಮೊಗೆದು ತಂದು ಮೇಲಿನಿಂದ ಸುರಿಯಿತು. ನೆರೆಯ ಮನೆಗಳು ಉಳಿದುವು. ನಾಟಕಶಾಲೆಯ ಹೊರಗೋಡೆಗಳು ಮಾತ್ರ ನಿಂತುವು. ಬೆಂಕಿ ಇಟ್ಟವರು ಅಲ್ಲಿ ಕೆಲಸಮಾಡುತ್ತಿದ್ದ ಇಬ್ಬರು ವಿದ್ಯುತ್ ಕೆಲಸಗಾರರೆಂದು ನ್ಯಾಯಾಲಯ ತೀರ್ಮಾನಿಸಿತು. ಕಟ್ಟಡವನ್ನು ಹಿಂದಿನಂತೆಯೇ ಕಟ್ಟಿ ತೆರೆದದ್ದು 2003ರ ಡಿಸೆಂಬರಿನಲ್ಲಿ. ಸಮುದ್ರದ ನಡುವಿನ ಊರಿನಲ್ಲಿಯೂ, ಬೇಕಾದ ರಾತ್ರಿ, ಬೇಕಾದ ಮೂಲೆಯಲ್ಲಿ ನೀರಿಲ್ಲದೆ ಹೋಯಿತು. ಕಾಲುವೆಯ ಹೂಳೆತ್ತಿದ್ದು ತಪ್ಪಲ್ಲ. ಹೂಳೆತ್ತುವ ದಿನಗಳಲ್ಲಿ ಬೆಂಕಿಯನ್ನು ಯಾವ ನೀರಿನಿಂದ ಆರಿಸಬೇಕೆಂಬ ಪ್ರಶ್ನೆಗೆ ಮೊದಲೇ ಉತ್ತರ ಬೇಕಾಗಿತ್ತು.

ಇನ್ನು ನಮ್ಮ ಊರಿಗೆ ಮರಳೋಣ. ಬೆಂಕಿಯ ಭಯವನ್ನು ಇಲ್ಲಿ ಮೊದಲು ಕಡಿಮೆಮಾಡಿದ್ದು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿಯ ದಡದ ಆವೆಮಣ್ಣಿನಿಂದ ಸುಟ್ಟ ಹೆಂಚು ಮುಳಿಹುಲ್ಲಿನ ಮಾಡುಗಳನ್ನು ಮೆಲ್ಲಮೆಲ್ಲನೆ ಇಲ್ಲವಾಗಿಸಿತು. ಹಳ್ಳಿಗಳಿಗೆ ಅದು ಮುಟ್ಟಲು ಬಹಳ ದಶಕಗಳೇ ಬೇಕಾದುವು. 1964ರಲ್ಲಿ ರಾಜ್ಯದ ಅಗ್ನಿಶಾಮಕ ದಳದ ಅಧಿನಿಯಮ ಬಂದಿತು. ಇಂದು ತಾಲೂಕು ಕೇಂದ್ರಗಳಿಂದ ಬೆಂಕಿ ಆರಿಸುವ ವಾಹನ ಹಳ್ಳಿಗೂ ಬರುತ್ತದೆ.

ಆದರೆ ಆ ವಾಹನ ಹೊತ್ತು ತರುವ ನೀರು ಎಷ್ಟು? ಸಾಮಾನ್ಯವಾಗಿ ನಾಲ್ಕೈದು ಸಾವಿರ ಲೀಟರು. ಪಂಪು ಪೂರ್ಣ ವೇಗದಲ್ಲಿ ಓಡಿದರೆ ಅದು ಕೆಲವೇ ನಿಮಿಷಗಳ ಪಾಡು. ಆಮೇಲೆ ಹತ್ತಿರದ ಕೆರೆ, ತೋಡು, ಕಾಲುವೆಗಳಿಂದ ಮತ್ತೆ ತುಂಬಿಕೊಳ್ಳಬೇಕು. ಅಲ್ಲಿಯೂ ಪ್ರಕೃತಿಯ ಒಂದು ಕಟ್ಟುಪಾಡಿದೆ. ಹೀರುವ ಪಂಪಿನೊಳಕ್ಕೆ ನೀರನ್ನು ಮೇಲೇರಿಸುವುದು ಗಾಳಿಯ ಒತ್ತಡ. ಲೆಕ್ಕದಲ್ಲಿ ಅದು ಸುಮಾರು 10 ಮೀಟರು ಏರಿಸಬಲ್ಲುದಾದರೂ ಅನುಭವದಲ್ಲಿ 7 ಮೀಟರಿಗಿಂತ ಆಳದ ನೀರು ಉಪಯೋಗಕ್ಕೆ ಬರುವುದು ಕಷ್ಟ. ಬೇಸಿಗೆಯಲ್ಲಿ ತಳ ಕಂಡ ಬಾವಿ ಆ ಯಂತ್ರದ ಪಾಲಿಗೆ ಇಲ್ಲದ ಬಾವಿಯೇ. ತೋಡಿನಲ್ಲಿ ನಿಂತ ಕಟ್ಟದ ನೀರು ಅದರ ಕೈಗೆಟಕುವ ನೀರು.

ಆ ಕಟ್ಟಗಳೇ ಈಗ ಅಪರೂಪವಾಗಿವೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳು ತಾವು ಉಳುವ ಭೂಮಿಗೆ ಒಡೆಯರಾದರು. ಅದು ನ್ಯಾಯವಾದ ಕಾರ್ಯ. ಹಿಂದೆ ಕಟ್ಟದ ಕೆಲಸಕ್ಕೆ ಜನ ಸೇರುತ್ತಿದ್ದುದು ಬಹುಮಟ್ಟಿಗೆ ಧನಿಯ ಮಾತಿನಿಂದ. ಧನಿಯ ಮಾತು ನಿಂತ ಮೇಲೆ ಊರಿನ ಮಾತು ಅದರ ಜಾಗದಲ್ಲಿ ಬರಬೇಕಾಗಿತ್ತು; ಎಷ್ಟೋ ಕಡೆ ಬರಲಿಲ್ಲ. ಕೂಲಿಯಾಳುಗಳು ಕಡಿಮೆಯಾದರು. ಭತ್ತದ ಗದ್ದೆಗಳು ಅಡಕೆ ತೋಟಗಳಾದುವು. ಗುಡ್ಡಗಳ ಮೇಲೆ ರಬ್ಬರು ಬಂತು. ಪಂಪು ಬಂದಿತು, ಅದರ ಹಿಂದೆಯೇ ಕೊಳವೆ ಬಾವಿ ಬಂದಿತು. ಗುಂಡಿ ಒತ್ತಿದರೆ ನೀರು ಬರುವಾಗ ಚಳಿಯಲ್ಲಿ ತೋಡಿಗಿಳಿದು ಮಣ್ಣು ಮೆಟ್ಟುವವರು ಯಾರು?

ಒಂದು ಮಾತನ್ನು ಮಾತ್ರ ಮರೆತೆವು. ಮನೆಗೆ ಬೆಂಕಿ ಹತ್ತಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ವಿದ್ಯುತ್ತನ್ನು ಕಡಿಯುವುದು. ವಿದ್ಯುತ್ತು ಹೋದರೆ ಪಂಪೂ ಹೋಯಿತು. ಇನ್ನೂರು ಮುನ್ನೂರು ಅಡಿ ಕೆಳಗಿನ ನೀರಿಗೆ ಕೊಡಪಾನ ಇಳಿಯುವುದಿಲ್ಲ. ಕಟ್ಟದ ನೀರಿಗೆ ತಂತಿಯ ಹಂಗಿರಲಿಲ್ಲ. ಬೇಸಾಯದ ಲೆಕ್ಕದಲ್ಲಿ ಕಟ್ಟಕ್ಕೂ ಕೊಳವೆ ಬಾವಿಗೂ ಸರಿದೂಗಿಸಿ ನೋಡಿದವರು ಬೆಂಕಿಯ ಲೆಕ್ಕವನ್ನು ಬರೆಯಲೇ ಇಲ್ಲ. ಬರೆಯದ ಲೆಕ್ಕದಲ್ಲಿ ಬಂದ ನಷ್ಟ ಯಾರ ಕಣ್ಣಿಗೂ ಬೀಳದೆ ಹೋಯಿತು.

ಪೇಟೆಯಲ್ಲಿರುವ ನಮಗೇನು ಎಂದು ನೀವು ಕೇಳಬಹುದು. ಮಂಗಳೂರಿನ ನಲ್ಲಿಗಳಲ್ಲಿ ಬರುವ ನೀರು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಹಾಕಿದ ಕಿಂಡಿ ಅಣೆಕಟ್ಟಿನದು. ಬೇಸಿಗೆಯಲ್ಲಿ ಬಾಗಿಲಿಳಿಸಿ ನೀರು ನಿಲ್ಲಿಸುವುದು, ಮಳೆ ಬಂದಾಗ ಎತ್ತುವುದು; ಸ್ವಲ್ಪ ಯೋಚಿಸಿದರೆ ಅದೂ ಒಂದು ದೊಡ್ಡ ಕಟ್ಟವೇ. 2016ರ ಮತ್ತು 2019ರ ಬೇಸಿಗೆಗಳಲ್ಲಿ ಅಲ್ಲಿ ನೀರಿಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟರು. ಸ್ನಾನಕ್ಕೆ ಬಟ್ಟೆಗೆ ನೀರಿಲ್ಲವೆಂದು ಎಲ್ಲರೂ ಮಾತಾಡಿದರು. ನಲ್ಲಿ ನಿಂತ ದಿನ ಬೀದಿಯಲ್ಲಿ ಬೆಂಕಿ ಬಿದ್ದರೆ ಯಾವ ಕೆರೆ, ಯಾವ ಬಾವಿ ಎಂಬುದನ್ನು ನಿಮ್ಮ ಬೀದಿಯವರು ಮಾತಾಡಿಕೊಂಡಿದ್ದರೆ? ನಿಮ್ಮ ಓಣಿಯ ಹತ್ತಿರದ ಕೆರೆಯ ದಡಕ್ಕೆ ದೊಡ್ಡ ವಾಹನ ಹೋಗುವಷ್ಟು ದಾರಿ ಇದೆಯೇ? ಬಿಡುವಾದಾಗ ನಡೆದುಕೊಂಡು ಹೋಗಿ ನೋಡಿಬನ್ನಿ.

ಹಳ್ಳಿಗಳಲ್ಲಿ ಎಲ್ಲವೂ ಮುಗಿದುಹೋಗಿಲ್ಲ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದಲ್ಲಿ ಕಟ್ಟಗಳ ಪರಂಪರೆ ಪ್ರಸಿದ್ಧವಾದದ್ದು; ಆ ಊರಿನವರೇ ಆದ ಜಲಪತ್ರಕರ್ತ ಶ್ರೀಪಡ್ರೆಯವರ ಬರಹಗಳಿಂದ ಅದು ಹೊರನಾಡಿಗೂ ತಿಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಊರವರು ಸೇರಿ ಕಟ್ಟಗಳನ್ನು ಮತ್ತೆ ಕಟ್ಟಿದ್ದಾರೆ. ಮಣ್ಣಿನ ಬದಲು ಪ್ಲಾಸ್ಟಿಕ್ ಹಾಳೆ, ಮರಳು ತುಂಬಿದ ಚೀಲ ಬಂದಿವೆ; ಸರಕಾರದ ಹಲಗೆಯ ಕಿಂಡಿ ಅಣೆಕಟ್ಟುಗಳೂ ಕರಾವಳಿಯ ತೋಡು ಹೊಳೆಗಳಲ್ಲಿ ನಿಂತಿವೆ. ಆ ಹಲಗೆಗಳನ್ನು ಸಮಯಕ್ಕೆ ಸರಿಯಾಗಿ ಇಳಿಸುವವರೂ ಎತ್ತುವವರೂ ಇರಬೇಕು, ಅಷ್ಟೆ. ಹಲಗೆ ಹಾಕದ ಕಿಂಡಿ ಅಣೆಕಟ್ಟು ಬೇಸಿಗೆಯಲ್ಲಿ ದಾಟುವ ಸೇತುವೆ ಮಾತ್ರ.

ಇಂಥಲ್ಲಿ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಕಾಲುವೆಯನ್ನು ಮುಚ್ಚುವವರು ಮುಚ್ಚುವ ದಿನವನ್ನು ರೈತರಿಗೆ ತಿಳಿಸುವಂತೆಯೇ ಅಗ್ನಿಶಾಮಕ ಠಾಣೆಗೂ ತಿಳಿಸಲಿ. ಉದ್ದಕ್ಕೂ ಬರಿದುಮಾಡುವ ಬದಲು ತುಂಡು ತುಂಡಾಗಿ ದುರಸ್ತಿ ಮಾಡಿ, ಊರಿನ ಪಕ್ಕದಲ್ಲಿ ಒಂದು ಮಡುವಿನಷ್ಟು ನೀರನ್ನಾದರೂ ಉಳಿಸಲಿ. ಕಟ್ಟ ಹಾಕುವವರು ಪಂಪು ಬಂದು ನಿಲ್ಲುವ ಜಾಗವೊಂದನ್ನು ಬಿಟ್ಟು ಹಾಕಲಿ. ಬೇಸಿಗೆ ಶುರುವಾಗುವ ಮುನ್ನ, ಎಲ್ಲಿ ನೀರುಂಟು, ಅದು ಎಷ್ಟು ದಿನ ನಿಲ್ಲುತ್ತದೆ ಎಂಬ ಪಟ್ಟಿಯೊಂದು ಪಂಚಾಯತಿಯ ಗೋಡೆಯ ಮೇಲೆ ಬರಲಿ. ನಮ್ಮ ಹಿರಿಯರಿಗೆ ಇಂಥ ಪಟ್ಟಿ ಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ ತೋಡಿಗಿಳಿದು ಮಣ್ಣು ಮೆಟ್ಟಿದವನಿಗೆ ನೀರು ಎಲ್ಲಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಮುಂದಿನ ನವೆಂಬರಿನಲ್ಲಿ ನಿಮ್ಮ ಹುಟ್ಟೂರಿನಿಂದ ಕಟ್ಟದ ಕೆಲಸಕ್ಕೆ ಕರೆ ಬಂದರೆ, ಒಂದು ದಿನದ ಮಟ್ಟಿಗೆ ಹೋಗಿಬನ್ನಿ.